ಕಾಸು ಯುರೋಪಿನದು, ಕಾವಲು ಪಕ್ಕದವರದು

ನಿರಾಶ್ರಿತರ ದೋಣಿಗಳನ್ನು ತಡೆಯಲು ಯುರೋಪು ನೆರೆಹೊರೆಯ ದೇಶಗಳಿಗೆ ಕೋಟಿಗಟ್ಟಲೆ ಯೂರೊ ಕೊಡುತ್ತಾ ಬಂದಿದೆ. ಆ ಹಣ ಎಷ್ಟೋ ಮನೆಗಳ ಒಲೆ ಉರಿಸಿದೆ. ಕೊಟ್ಟವರ ಜುಟ್ಟನ್ನು ಪಡೆದವರ ಕೈಗೂ ಒಪ್ಪಿಸಿದೆ.

ಅದೊಂದು ಎಟಿಎಂ ಕಾರ್ಡು. ಟರ್ಕಿಯ ರೆಡ್ ಕ್ರೆಸೆಂಟ್ ಸಂಸ್ಥೆಯ ಕೆಂಪು ಅರ್ಧಚಂದ್ರ ಅದರ ಮೇಲಿದೆ. ಹೆಸರು ‘ಕಿಝಿಲಾಯ್ ಕಾರ್ಡ್’. ಸಿರಿಯಾದ ಯುದ್ಧಕ್ಕೆ ಹೆದರಿ ಓಡಿಬಂದು ಟರ್ಕಿಯಲ್ಲಿ ಬಾಡಿಗೆ ಮನೆ ಹಿಡಿದ ಬಡ ಕುಟುಂಬಗಳಿಗೆ 2017ರ ಹೊತ್ತಿಗೆ ಈ ಕಾರ್ಡಿನ ಮೂಲಕ ತಿಂಗಳಿಗೆ ತಲಾ 120 ಲಿರಾ ಸಿಗುತ್ತಿತ್ತು. ಐವರ ಮನೆಗೆ 600 ಲಿರಾ. ಹಿಟ್ಟು ಇಷ್ಟು, ಎಣ್ಣೆ ಇಷ್ಟು ಎಂದು ಯಾರೂ ಅಳೆದು ಸುರಿಯುತ್ತಿರಲಿಲ್ಲ. ಬಾಡಿಗೆಗೋ, ರೊಟ್ಟಿಗೋ, ಮಗುವಿನ ಔಷಧಕ್ಕೋ, ಮನೆಯವರೇ ತೀರ್ಮಾನಿಸಬಹುದಿತ್ತು. 15 ಲಕ್ಷಕ್ಕೂ ಹೆಚ್ಚು ಜನರನ್ನು ತಲುಪಿದ ಈ ಯೋಜನೆಯ ದುಡ್ಡು ಯುರೋಪಿಯನ್ ಒಕ್ಕೂಟದ್ದು.

ಈ ದುಡ್ಡಿನಲ್ಲಿ ಮರುಕವಿತ್ತು. ಜೊತೆಗೆ ಒಂದು ಒಪ್ಪಂದವೂ ಇತ್ತು.

600 ಕೋಟಿ ಯೂರೊ

2015ರಲ್ಲಿ ಎಂಟೂವರೆ ಲಕ್ಷ ಜನ ಸಮುದ್ರ ದಾಟಿ ಗ್ರೀಸ್ ಸೇರಿದರು. ಹೆಚ್ಚಿನವರು ಟರ್ಕಿಯ ದಡದಿಂದ ರಬ್ಬರ್ ದೋಣಿ ಏರಿದವರು. ಯುರೋಪಿನ ಸರ್ಕಾರಗಳು ಕಂಗಾಲಾದವು. 2016ರ ಮಾರ್ಚ್ 18ರಂದು ಟರ್ಕಿಯ ಜೊತೆ ಮಾತು ಮುಗಿಯಿತು: ಅಕ್ರಮವಾಗಿ ಗ್ರೀಸ್ ದ್ವೀಪಗಳಿಗೆ ಬಂದವರನ್ನು ಟರ್ಕಿ ವಾಪಸ್ ಕರೆಸಿಕೊಳ್ಳಬೇಕು, ಹಾಗೆ ಮರಳುವ ಪ್ರತಿ ಸಿರಿಯನ್ನನಿಗೆ ಬದಲಾಗಿ ಟರ್ಕಿಯಲ್ಲಿರುವ ಇನ್ನೊಬ್ಬ ಸಿರಿಯನ್ನನಿಗೆ ಯುರೋಪು ನೆಲೆ ಕೊಡಬೇಕು, ಟರ್ಕಿಯಲ್ಲಿರುವ ನಿರಾಶ್ರಿತರಿಗಾಗಿ ಎರಡು ಕಂತಿನಲ್ಲಿ 600 ಕೋಟಿ ಯೂರೊ.

2017ರಲ್ಲಿ ಗ್ರೀಸಿಗೆ ಸಮುದ್ರದ ಮೂಲಕ ಬಂದವರ ಸಂಖ್ಯೆ ಮೂವತ್ತು ಸಾವಿರದ ಆಸುಪಾಸಿಗೆ ಕುಸಿಯಿತು. ಬಾಲ್ಕನ್ ದೇಶಗಳು ಗಡಿ ಮುಚ್ಚಿದ್ದೂ ಇದಕ್ಕೆ ಕಾರಣ. ರಾಜಧಾನಿಗಳು ನಿಟ್ಟುಸಿರು ಬಿಟ್ಟವು. ಬವಣೆ ಮಾತ್ರ ತೀರಲಿಲ್ಲ, ಜಾಗ ಬದಲಿಸಿತು. ದ್ವೀಪ ಬಿಟ್ಟು ಹೋಗುವಂತಿಲ್ಲ ಎಂಬ ನಿಯಮದಿಂದ ಲೆಸ್ಬೋಸ್ ದ್ವೀಪದ ಮೋರಿಯಾ ಶಿಬಿರ ತುಂಬಿ ತುಳುಕಿತು. ಸುಮಾರು ಮೂರು ಸಾವಿರ ಜನರಿಗೆಂದು ಕಟ್ಟಿದ ಜಾಗದಲ್ಲಿ 2020ರ ಆರಂಭಕ್ಕೆ ಹತ್ತಿರಹತ್ತಿರ ಇಪ್ಪತ್ತು ಸಾವಿರ ಜನ ಇದ್ದರು. ಆಲಿವ್ ತೋಪುಗಳಲ್ಲಿ ಟಾರ್ಪಾಲಿನ ಕೆಳಗೆ ಮಕ್ಕಳು ಚಳಿಗಾಲ ಕಳೆದವು. ಆ ಸೆಪ್ಟೆಂಬರಿನಲ್ಲಿ ಶಿಬಿರವೇ ಸುಟ್ಟುಹೋಯಿತು.

ಜುಟ್ಟು ಯಾರ ಕೈಯಲ್ಲಿ?

ಹಣದ ಬಹುಪಾಲು ಟರ್ಕಿಯ ಬೊಕ್ಕಸಕ್ಕೆ ಹೋಗದೆ, ಶಾಲೆ, ಆಸ್ಪತ್ರೆ, ಕಾರ್ಡು ಎಂದು ಯೋಜನೆಗಳಿಗೆ ಹಂಚಿಕೆಯಾಯಿತು. ಅಧ್ಯಕ್ಷ ಎರ್ದೊಗಾನ್ ಇದಕ್ಕೆ ಮತ್ತೆ ಮತ್ತೆ ಆಕ್ಷೇಪಿಸಿದರು. ಸಿರಿಯಾದ ಇದ್ಲಿಬ್‌ನಲ್ಲಿ ಟರ್ಕಿಯ ಸೈನಿಕರು ಸತ್ತ ಬೆನ್ನಲ್ಲೇ, 2020ರ ಫೆಬ್ರವರಿ ಕೊನೆಯಲ್ಲಿ, ಯುರೋಪಿನತ್ತ ಹೊರಟವರನ್ನು ಇನ್ನು ತಡೆಯುವುದಿಲ್ಲ ಎಂದು ಟರ್ಕಿ ಸಾರಿತು. ಸಾವಿರಾರು ಜನ ಗಡಿಗೆ ಬಂದು ನಿಂತರು. ಎದುರಿಗೆ ಅಶ್ರುವಾಯು. ಗ್ರೀಸ್ ಒಂದು ತಿಂಗಳ ಕಾಲ ಆಶ್ರಯದ ಅರ್ಜಿ ಸ್ವೀಕರಿಸುವುದನ್ನೇ ನಿಲ್ಲಿಸಿತು. ಗಡಿಗೆ ಬಂದ ಯುರೋಪಿಯನ್ ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೈಯೆನ್ ಗ್ರೀಸನ್ನು ಯುರೋಪಿನ ಗುರಾಣಿ ಎಂದು ಕೊಂಡಾಡಿ, 70 ಕೋಟಿ ಯೂರೊ ನೆರವು ಘೋಷಿಸಿದರು.

ಕೆರೆಯ ತೂಬನ್ನು ಪಕ್ಕದ ಊರಿನವನಿಗೆ ವಹಿಸಿದರೆ, ಅವನು ಮುನಿಸಿಕೊಂಡ ದಿನ ನಮ್ಮ ಗದ್ದೆಗೆ ನೀರು ನುಗ್ಗುತ್ತದೆ. ಇಲ್ಲಿ ಹಾಗೆ ತಡೆದು ಬಿಟ್ಟದ್ದು ನೀರನ್ನಲ್ಲ, ಮಕ್ಕಳು ಮರಿ ಕಟ್ಟಿಕೊಂಡ ಸಂಸಾರಗಳನ್ನು.

ತಲೆಗಿಷ್ಟು ಎಂಬ ಲೆಕ್ಕ

ಆದರೂ ಮಾದರಿ ಹಬ್ಬಿತು. ವಲಸೆ ನಿಯಂತ್ರಣಕ್ಕೆಂದು 2023ರಲ್ಲಿ ಟ್ಯುನೀಷಿಯಾಕ್ಕೆ 10.5 ಕೋಟಿ ಯೂರೊ, ಮರುವರ್ಷ ಮಾರಿಟೇನಿಯಾಕ್ಕೆ 21 ಕೋಟಿ. ಲಿಬಿಯಾದ ಕರಾವಳಿ ಪಡೆಗೆ ದೋಣಿ, ತರಬೇತಿ. ಆ ಪಡೆ ಹಿಡಿದು ತಂದವರು ಎಂಥ ಬಂದೀಖಾನೆಗಳಿಗೆ ಬೀಳುತ್ತಾರೆಂದು ಜಗತ್ತಿಗೆ ಗೊತ್ತು: ಲಿಬಿಯಾದಲ್ಲಿ ವಲಸಿಗರ ಮೇಲೆ ಮಾನವತೆಯ ವಿರುದ್ಧದ ಅಪರಾಧಗಳು ನಡೆದಿವೆ ಎಂದು ನಂಬಲು ಆಧಾರವಿದೆ ಎಂದು ವಿಶ್ವಸಂಸ್ಥೆಯ ತನಿಖಾ ತಂಡವೇ 2023ರಲ್ಲಿ ವರದಿ ಕೊಟ್ಟಿದೆ. ಆಶ್ರಯ ಕೇಳಿ ಬಂದವರನ್ನು ರುವಾಂಡಾಕ್ಕೆ ಸಾಗಿಸಲು ಹೊರಟ ಬ್ರಿಟನ್, ಹೊಸ ಸರ್ಕಾರವೇ ಕೊಟ್ಟ ಲೆಕ್ಕದಂತೆ, 70 ಕೋಟಿ ಪೌಂಡ್ ಖರ್ಚು ಮಾಡಿತು. ಹೋದವರು ನಾಲ್ವರು, ಅದೂ ತಾವಾಗಿಯೇ ಒಪ್ಪಿ. 2024ರಲ್ಲಿ ಆ ಯೋಜನೆ ರದ್ದಾಯಿತು.

ಅದೇ ವರ್ಷ ಯುರೋಪಿಯನ್ ಒಕ್ಕೂಟ ಅಂಗೀಕರಿಸಿದ ಹೊಸ ಕಾನೂನಿನಲ್ಲಿ ಸದಸ್ಯ ದೇಶಗಳ ನಡುವಿನ ಹೊಣೆಗೂ ದರ ನಿಗದಿಯಾಗಿದೆ. ಪಾಲಿಗೆ ಬಂದ ಆಶ್ರಯಾರ್ಥಿಯನ್ನು ಸೇರಿಸಿಕೊಳ್ಳಲು ಒಲ್ಲದ ದೇಶ ತಲೆಗೆ 20,000 ಯೂರೊ ಕಟ್ಟಬಹುದು.

ಹಣ ಎಲ್ಲಿ ನಿಲ್ಲುತ್ತದೆ?

ಹಣ ಕೊಡುವುದೇ ತಪ್ಪೆಂದು ನಾನು ಹೇಳಲಾರೆ. ಟರ್ಕಿ ಒಂದು ಹಂತದಲ್ಲಿ 36 ಲಕ್ಷ ಸಿರಿಯನ್ನರನ್ನು ಸಲಹಿತು; ಆ ಭಾರಕ್ಕೆ ಉಳ್ಳವರು ಹೆಗಲು ಕೊಡಲೇಬೇಕು. ಆದರೆ ಪ್ರತಿ ಒಪ್ಪಂದದಲ್ಲೂ ನಾವು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಹಣ ಕೊನೆಗೆ ಹೋಗಿ ನಿಲ್ಲುವುದು ಎಲ್ಲಿ? ಕಾವಲು ದೋಣಿಯಲ್ಲೋ, ಮುಳ್ಳುಬೇಲಿಯಲ್ಲೋ ನಿಂತರೆ ಅದಕ್ಕೆ ಕೊನೆಯೆಂಬುದಿಲ್ಲ. ಕಾವಲುಗಾರನಿಗೆ ಪ್ರತಿ ವರ್ಷ ಹೊಸ ಕೂಲಿ ತೆರಬೇಕು. ಅವನ ಮರ್ಜಿ ಕಾಯಬೇಕು.

ಆ ಕಾರ್ಡಿನ 120 ಲಿರಾ ದೊಡ್ಡ ಮೊತ್ತವೇನಲ್ಲ. ಬಾಡಿಗೆ ಕೊಟ್ಟು ಉಳಿದದ್ದರಲ್ಲಿ ತಿಂಗಳು ತಳ್ಳುವುದು ಕಷ್ಟವೇ. ಆದರೂ ಅದನ್ನು ಹಿಡಿದು ಎಟಿಎಂ ಮುಂದೆ ನಿಂತ ತಾಯಿಗೆ, ಈ ತಿಂಗಳು ಮಗುವಿಗೆ ಚಪ್ಪಲಿ ಕೊಡಿಸಲೇ ಬೇಡವೇ ಎಂದು ಯೋಚಿಸುವ ಹಕ್ಕಿತ್ತು. 600 ಕೋಟಿಯಲ್ಲಿ ಯಾರ ಜುಟ್ಟೂ ಹಿಡಿಯದ ಹಣ ಅದು.