ಹೇಳಿಕೊಳ್ಳಲಾಗದ ತೊಂದರೆ: ಹಿರಿಯ ಮಹಿಳೆಯರ ಮೂತ್ರಸೋರಿಕೆ

ಜೀಡಿಮೆಟ್ಲಾದಿಂದ ನಗರದೊಳಗಿನ ಸಮಾರಂಭಕ್ಕೆ ಮನೆಮಂದಿ ಹೊರಟಾಗ, "ನೀವೆಲ್ಲ ಹೋಗಿ ಬನ್ನಿ, ನಾನು ಮನೆ ನೋಡಿಕೊಳ್ಳುತ್ತೇನೆ" ಎನ್ನುವ ಅತ್ತೆಯವರನ್ನು ನಾವೆಲ್ಲರೂ ಬಲ್ಲೆವು. ಮಂಡಿನೋವಿರಬೇಕೆಂದು ಭಾವಿಸಿ ಸುಮ್ಮನಾಗುತ್ತೇವೆ. ಹಲವು ಬಾರಿ ಕಾರಣ ಬೇರೆಯೇ ಇರುತ್ತದೆ: ಕೆಮ್ಮಿದರೆ, ಸೀನಿದರೆ, ನಕ್ಕರೂ ಸಹ ಸೀರೆ ಒದ್ದೆಯಾದೀತೆಂಬ ಅಂಜಿಕೆ. ಇದನ್ನು ಆಕೆ ಹೆತ್ತ ಮಗಳೊಡನೆಯೂ ಆಡುವುದಿಲ್ಲ.

ಮೂತ್ರಾಶಯ, ಗರ್ಭಕೋಶ, ಗುದನಾಳಗಳನ್ನು ಜೋಳಿಗೆಯಂತೆ ಕೆಳಗಿನಿಂದ ಎತ್ತಿ ಹಿಡಿದಿರುವ ಸ್ನಾಯುಗಳ ಪದರಕ್ಕೆ ಶ್ರೋಣಿತಳವೆಂದು ಹೆಸರು. ಹೆರಿಗೆಗಳಲ್ಲಿ ಅದು ಹಿಗ್ಗಿ ಸಡಿಲಗೊಳ್ಳುತ್ತದೆ. ಮುಟ್ಟು ನಿಂತ ಬಳಿಕ ಈಸ್ಟ್ರೋಜನ್ ಕುಗ್ಗಿ ಅಲ್ಲಿನ ಅಂಗಾಂಶಗಳು ತೆಳುವಾಗುತ್ತವೆ. ಹಳೆಯ ಕೆಮ್ಮು, ಮಲಬದ್ಧತೆ, ಸ್ಥೂಲಕಾಯ, ಭಾರ ಹೊತ್ತ ವರ್ಷಗಳು ಇದಕ್ಕೆ ಸೇರಿಕೊಳ್ಳುತ್ತವೆ. ತಡೆಯಲಾರದ ಅವಸರವುಂಟಾಗಿ ಶೌಚಾಲಯ ಸೇರುವ ಮೊದಲೇ ಸೋರುವುದು ಮತ್ತೊಂದು ಬಗೆ, ಎರಡೂ ಒಟ್ಟಿಗಿರುವುದುಂಟು.

ಬಹುಮಂದಿ ತಾವಾಗಿ ಕಂಡುಕೊಳ್ಳುವ ಉಪಾಯವೆಂದರೆ ನೀರು ಕುಡಿಯುವುದನ್ನೇ ಬಿಡುವುದು. ಹೈದರಾಬಾದಿನ ಮೇ ತಿಂಗಳಲ್ಲಿ ಇದು ಅಪಾಯಕರ. ಮೂತ್ರ ಗಾಢವಾಗಿ ಮೂತ್ರಾಶಯವನ್ನು ಕೆರಳಿಸುತ್ತದೆ, ಮಲಬದ್ಧತೆಯೂ ಹೆಚ್ಚುತ್ತದೆ. ಕಡಿಮೆ ಮಾಡಬೇಕಾದದ್ದು ಕಾಫಿ, ಚಹಾಗಳನ್ನು. ನಮ್ಮವರಿಗೆ ಇದು ಕಠಿಣ ಪಥ್ಯವೆಂಬುದನ್ನು ಬಲ್ಲೆ.

ಅಮೆರಿಕದ ಸ್ತ್ರೀರೋಗತಜ್ಞ ಡಾ. ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಕಟಿಸಿದ ವ್ಯಾಯಾಮ ಇಂದಿಗೂ ಮೊದಲ ಚಿಕಿತ್ಸೆಯಾಗಿದೆ. ಯೋಗದ ಮೂಲಬಂಧವನ್ನು ಅರಿತವರಿಗೆ ಇದು ತೀರ ಹೊಸದೆನಿಸದು. ಅಪಾನವಾಯುವನ್ನು ತಡೆಯುವಾಗ ಮಾಡುವಂತೆ ಕೆಳಗಿನ ಸ್ನಾಯುಗಳನ್ನು ಬಿಗಿದು ಮೇಲಕ್ಕೆಳೆದುಕೊಳ್ಳಬೇಕು. ಹೊಟ್ಟೆ, ತೊಡೆಗಳನ್ನು ಬಿಗಿಯಕೂಡದು; ಉಸಿರು ಕಟ್ಟಕೂಡದು. ಐದು ಎಣಿಸುವಷ್ಟು ಹೊತ್ತಿನಿಂದ ಆರಂಭಿಸಿ, ಕ್ರಮೇಣ ಹತ್ತು ಎಣಿಸುವವರೆಗೆ ಹಿಡಿದು, ಅಷ್ಟೇ ಹೊತ್ತು ಸಡಿಲಬಿಡಬೇಕು. ಒಮ್ಮೆಗೆ 10ರಂತೆ ದಿನಕ್ಕೆ 3 ಬಾರಿ ಮಾಡಬೇಕು. ಮೂತ್ರ ವಿಸರ್ಜಿಸುವಾಗ ನಡುನಡುವೆ ತಡೆದು ಅಭ್ಯಾಸ ಮಾಡುವುದು ತಪ್ಪು. ಸೀನು ಬರುವ ಸೂಚನೆ ಕಂಡೊಡನೆ ಈ ಸ್ನಾಯುಗಳನ್ನು ಬಿಗಿದುಕೊಂಡರೆ ಸೋರಿಕೆ ಕಡಿಮೆಯಾಗುತ್ತದೆ. ಫಲ ಕಾಣಲು 3 ತಿಂಗಳಾದರೂ ಬೇಕು. ಎರಡು ವಾರಕ್ಕೇ ಬೇಸತ್ತು, ಇದರಿಂದೇನೂ ಆಗದೆಂದು ತೀರ್ಮಾನಿಸಬಾರದು.

ಉರಿ, ಮೂತ್ರದಲ್ಲಿ ರಕ್ತ, ಏನೋ ಕೆಳಕ್ಕೆ ಜಾರಿ ಬಂದ ಅನುಭವ, ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ವೈದ್ಯರನ್ನು ಕಾಣಬೇಕು. ಮಧುಮೇಹದ ಪರೀಕ್ಷೆಯೂ ಆಗಲಿ. ವ್ಯಾಯಾಮದಿಂದ ಸಾಲದಿದ್ದರೆ ಔಷಧಿ, ಆಧಾರಕ್ಕಾಗಿ ಒಳಗಿಡುವ ಬಳೆ, ಶಸ್ತ್ರಚಿಕಿತ್ಸೆಗಳಿವೆ. ಇಂಥ ಮಾತನ್ನು ತೆಲುಗಿನಲ್ಲಿ ಹೇಗೆ ಆಡುವುದೆಂದು ಸಂಕೋಚಪಡುವ ಹಿರಿಯರೊಡನೆ ಮಗಳೋ ಸೊಸೆಯೋ ಆಸ್ಪತ್ರೆಗೆ ಹೋಗಬಹುದು.