ಇಂದ್ರನಿಗೆ ಎಷ್ಟು ಹಿಟ್ ಪಾಯಿಂಟ್?

ಶನಿವಾರ ಸಂಜೆ ಗೆಳೆಯರ ಮನೆಯಲ್ಲಿ ಊಟದ ಮೇಜಿನ ಸುತ್ತ ಐದು ಜನ ಕೂತಿದ್ದೆವು. ನಡುವೆ ಇಪ್ಪತ್ತು ಮುಖದ ದಾಳ, ಪೆನ್ಸಿಲ್ಲುಗಳು, ಒಂದು ಬೋಗುಣಿ ಚುರುಮುರಿ. ಕಥೆ ನಡೆಸುತ್ತಿದ್ದವಳು ಒಬ್ಬ ಅಸುರನನ್ನು ಎದುರಿಗೆ ತಂದು ನಿಲ್ಲಿಸಿದಳು. ಕತ್ತಿ ಬೀಸಿದೆವು. ದಾಳದಲ್ಲಿ ಇಪ್ಪತ್ತೇ ಬಿತ್ತು, ಅವನಿಗೆ ಗೀರೂ ಬೀಳಲಿಲ್ಲ. ಹೊಳೆಗೆ ತಳ್ಳಿದೆವು, ನಗುತ್ತಾ ಎದ್ದು ಬಂದ. ಹಗಲಲ್ಲೂ ಸಾವಿಲ್ಲ, ಇರುಳಲ್ಲೂ ಇಲ್ಲ. ಒಣಗಿದ್ದರಿಂದಲೂ ಇಲ್ಲ, ಹಸಿಯಾದದ್ದರಿಂದಲೂ ಇಲ್ಲ. ಹಾಗೆಂದು ಅವನಿಗೆ ದೇವರಾಜನೇ ಮಾತು ಕೊಟ್ಟಿದ್ದ. ಆಮೇಲೆ ಮುಕ್ಕಾಲು ಗಂಟೆ ಯಾರೂ ದಾಳ ಮುಟ್ಟಲಿಲ್ಲ. ಕೊನೆಗೆ ಮೂಲೆಯಲ್ಲಿದ್ದ ಹುಡುಗ ಮೆಲ್ಲಗೆ ಕೇಳಿದ: ‘ಹೊಳೆ ದಂಡೆಯ ನೊರೆ ಆಗಬಹುದಾ? ಮುಸ್ಸಂಜೆಗೆ?’

ಅದು ನಮುಚಿಯ ಕಥೆ. ವೇದಕಾಲದಿಂದ ಬಂದದ್ದು, ಮಹಾಭಾರತದ ಶಲ್ಯಪರ್ವದಲ್ಲೂ ಇದೆ. ಇಂದ್ರ ಅವನನ್ನು ನೊರೆಯಿಂದ ಕೊಂದ. ಆದರೆ ಕಡಿದ ತಲೆ ‘ಮಿತ್ರದ್ರೋಹಿ’ ಎಂದು ಕೂಗುತ್ತಾ ಬೆನ್ನು ಹತ್ತಿತು. ಅರುಣಾ ನದಿಯಲ್ಲಿ ಮಿಂದ ಮೇಲೆಯೇ ಅವನಿಗೆ ಬಿಡುಗಡೆ.

ಇದೇ ಇಂದ್ರ 1980ರಲ್ಲಿ ಅಮೆರಿಕದ ಒಂದು ಪುಸ್ತಕದಲ್ಲಿ ಬೇರೆಯದೇ ರೂಪದಲ್ಲಿ ಅಚ್ಚಾದ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಿಸನ್ ರೂಪಿಸಿದ ‘ಡಂಜನ್ಸ್ ಆಂಡ್ ಡ್ರಾಗನ್ಸ್’ ಆಟ 1974ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಊರಿನಿಂದ ಹೊರಬಂತು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಜಾಗದಲ್ಲಿ ದಾಳ ತೀರ್ಮಾನಿಸುತ್ತದೆ. ಎರಡೇ ವರ್ಷಕ್ಕೆ ರಾಬರ್ಟ್ ಕುಂಟ್ಸ್, ಜೇಮ್ಸ್ ವಾರ್ಡ್ ಇಬ್ಬರೂ ಲೋಕದ ದೇವತೆಗಳನ್ನೆಲ್ಲ ಕಲೆಹಾಕಿ ಒಂದು ಪುಸ್ತಕ ತಂದರು. ಮಿತಿಮೀರಿ ಬಲಿತ ಪಾತ್ರಗಳ ಆಟಗಾರರಿಗೆ ನಾಚಿಕೆಯಾಗಲಿ ಎಂಬುದು ಮುನ್ನುಡಿಯ ಆಶಯ. ಸಾಕ್ಷಾತ್ ಓಡಿನ್‌ಗೇ 300 ಹಿಟ್ ಪಾಯಿಂಟ್ ಇರುವಾಗ ನಿಮ್ಮದೇನು ಎಂಬ ಧಾಟಿ ಅದರದು. ಹಿಟ್ ಪಾಯಿಂಟ್ ಎಂದರೆ ಎಷ್ಟು ಏಟು ತಿಂದರೆ ಪ್ರಾಣ ಹೋಗುತ್ತದೆ ಎಂಬ ಲೆಕ್ಕ. ಅಂಕಿ ಕಂಡ ಮೇಲೆ ಕೇಳಬೇಕೆ? ದೇವರನ್ನೂ ಬೇಟೆಯ ಪಟ್ಟಿಗೆ ಸೇರಿಸಿಕೊಂಡ ಮೇಜುಗಳು ಹುಟ್ಟಿದವು. 1980ರ ‘ಡೀಟೀಸ್ ಆಂಡ್ ಡೆಮಿಗಾಡ್ಸ್’ನಲ್ಲಿ ಓಡಿನ್‌ಗೂ ಸ್ಯೂಸ್‌ಗೂ ತಲಾ 400. ಇಂದ್ರ, ಅಗ್ನಿ, ಕಾಳಿಯರಿಗೂ ಅದೇ ಬಗೆಯ ಕೋಷ್ಟಕ.

ಆ ಕೋಷ್ಟಕ ನನಗೆ ನೋವು ತರುತ್ತದೆ. ಭಕ್ತಿಗೆ ಧಕ್ಕೆಯಾಯಿತೆಂದಷ್ಟೇ ಅಲ್ಲ, ಅದು ಕಥೆಗೆ ಮಾಡಿದ ಅನ್ಯಾಯ. ನಮ್ಮ ಪುರಾಣಗಳಲ್ಲಿ ದೇವರು ಸೋಲುವುದು ಏಟಿಗಲ್ಲ, ಕೊಟ್ಟ ಮಾತಿಗೆ. ಭಸ್ಮಾಸುರನ ಮುಂದೆ ಶಿವ ಓಡಿದ್ದು ಬಲ ಸಾಲದೆಯೇ? ಹಿರಣ್ಯಕಶಿಪುವಿನ ವರವನ್ನು ಷರತ್ತು ಷರತ್ತಾಗಿ ಬಿಡಿಸಿ ನೋಡಿ. ಒಳಗೂ ಅಲ್ಲದ ಹೊರಗೂ ಅಲ್ಲದ ಹೊಸ್ತಿಲು, ಮನುಷ್ಯನೂ ಅಲ್ಲದ ಮೃಗವೂ ಅಲ್ಲದ ನರಸಿಂಹ. ನಿಯಮ ಮುರಿಯದೆ ಸಂದು ಹುಡುಕುವುದಕ್ಕಿಂತ ಒಳ್ಳೆಯ ಆಟ ಯಾವುದಿದೆ!

ರಾಕ್ಷಸನ ಪಾಡೂ ಹೀಗೇ. 1977ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ನಲ್ಲಿ ಅವನು ಹುಲಿಮುಖದವನು, ಮಂತ್ರಿಸಿದ ಅಡ್ಡಬಿಲ್ಲಿನ ಬಾಣ ತಾಗಿದರೆ ಒಂದೇ ಏಟಿಗೆ ಸಾಯುವವನು. ಆ ಬಾಣ ರಾಮಾಯಣದ್ದಲ್ಲ, ‘ಕೋಲ್‌ಶಾಕ್’ ಎಂಬ ಅಮೆರಿಕನ್ ಟಿ.ವಿ. ಧಾರಾವಾಹಿಯ ಒಂದು ಕಂತಿನಿಂದ ಬಂದದ್ದು.

ಎಲ್ಲರೂ ಹೀಗೆ ಮಾಡಿದರೆನ್ನಲಾರೆ. 1978ರ ‘ರೂನ್‌ಕ್ವೆಸ್ಟ್’ ಆಟದ ಹಿಂದೆ ಗ್ರೆಗ್ ಸ್ಟಾಫರ್ಡ್ ಕಟ್ಟಿದ ಗ್ಲೊರಾಂಥಾ ಎಂಬ ಲೋಕವಿದೆ. ಅಲ್ಲಿ ದೇವರ ಮೈಬಲಕ್ಕಿಂತ ಒಕ್ಕಲಿನವರ ನಡೆ ಮುಖ್ಯ: ಯಾವಾಗ ಹಬ್ಬ, ಏನು ಕಾಣಿಕೆ, ಯಾವ ನಿಷೇಧ. ಪಾತ್ರಧಾರಿ ಪುರಾಣದೊಳಗೇ ಕಾಲಿಟ್ಟು ದೇವರ ಹಾದಿಯನ್ನು ತಾನೇ ನಡೆದು ಬರುವುದಕ್ಕೂ ಅಲ್ಲಿ ಅವಕಾಶವಿದೆ. ದೇವರು ಎಂಬ ಮಾತಿಗೆ ಅಲ್ಲಿ ತೂಕ ಬಂತು.

ಕರಾವಳಿ, ಮಲೆನಾಡಿನವರಿಗೆ ಇದು ಹೊಸದಾಗಿ ಕಾಣಬಾರದು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಭಾಗವತರ ಪದ ಮುಗಿದ ಕೂಡಲೇ ಪಂಚೆ–ಶಾಲಿನಲ್ಲಿ ಕೂತ ಒಬ್ಬರು ಕೃಷ್ಣನಾಗುತ್ತಾರೆ, ಎದುರಿಗೆ ಕೂತವರು ಕೌರವ. ಸಂಧಾನ ಮುರಿಯುತ್ತದೆಂದು ಸಭೆಗೆಲ್ಲ ಗೊತ್ತು. ಆದರೂ ಕೌರವನ ಅರ್ಥ ಗಟ್ಟಿಯಾಗಿದ್ದ ರಾತ್ರಿ ಕೃಷ್ಣ ಉತ್ತರಕ್ಕೆ ತಡಕಾಡಬೇಕಾಗುತ್ತದೆ. ಕೂತಲ್ಲೇ ಮಾತಿನಿಂದ ದೇವರನ್ನು ಆಡಿಸುವ ವಿದ್ಯೆ ನಮ್ಮಲ್ಲಿ ಹೀಗೆ ಬೆಳೆದಿದೆ.

2014ರಲ್ಲಿ ಬಂದ ಡಂಜನ್ಸ್ ಆಂಡ್ ಡ್ರಾಗನ್ಸ್ ಆಟಗಾರರ ಕೈಪಿಡಿಯ ಅನುಬಂಧದಲ್ಲಿ ಗ್ರೀಕ್, ಈಜಿಪ್ಟ್, ನಾರ್ಸ್, ಕೆಲ್ಟಿಕ್ ದೇವತೆಗಳ ಪಟ್ಟಿಗಳಿವೆ. ನಮ್ಮವರ ಪಟ್ಟಿ ಇಲ್ಲ. ನನಗೆ ಬೇಸರವೇನಿಲ್ಲ. ಕಾಳಿಗೆ ಇವತ್ತು ಬೆಳಗ್ಗೆಯೂ ಪೂಜೆಯಾಗಿದೆ. ನಿತ್ಯ ದೀಪ ಹಚ್ಚುವ ದೇವರನ್ನು ಕೊಲ್ಲಬಹುದಾದ ಗುರಿಯಾಗಿ ಮೇಜಿನ ಮೇಲಿಡುವುದು ತಪ್ಪು ಎಂದೇ ನನ್ನ ನಿಲುವು. ಹಾಗೆಂದು ಅವರನ್ನು ಕಥೆಯಿಂದ ಹೊರಗಿಡಬೇಕಿಲ್ಲ.

ಅಂದು ಮುಸ್ಸಂಜೆಯ ನೊರೆಯಿಂದ ನಮ್ಮ ಅಸುರ ಸತ್ತ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಥೆ ನಡೆಸುತ್ತಿದ್ದವಳು ಆ ತಲೆಯ ಕೂಗನ್ನು ಅಷ್ಟು ತಗ್ಗಿದ ದನಿಯಲ್ಲಿ ಕೇಳಿಸಿದಳು. ಮುಂದಿನ ಮೂರು ಶನಿವಾರ ನಾವು ಅರುಣಾ ನದಿ ಹುಡುಕುತ್ತಾ ಅಲೆದೆವು.

ನೀವೂ ಇಂಥ ಆಟ ನಡೆಸುವವರಾದರೆ, ದೇವರ ಹೆಸರಿನ ಮುಂದೆ ಹಿಟ್ ಪಾಯಿಂಟ್ ಬರೆಯಬೇಡಿ. ಆ ದೇವರು ಯಾರಿಗೆ ಏನು ಮಾತು ಕೊಟ್ಟಿದ್ದಾರೆ ಎಂದು ಬರೆದಿಡಿ.