ನಡುದಾರಿಯ ಲೆಕ್ಕಾಚಾರ: ಜರ್ಮನಿಯಿಂದ ಕಣಗಿನಹಾಳದವರೆಗೆ
ಜರ್ಮನಿಯ ಸೋಷಿಯಲ್ ಡೆಮಾಕ್ರಟಿಕ್ ಪಕ್ಷವು 1959ರ ಗೋಡೆಸ್‌ಬರ್ಗ್ ಕಾರ್ಯಕ್ರಮದಲ್ಲಿ ಮಾರುಕಟ್ಟೆಯ ಪೈಪೋಟಿಯನ್ನು ಒಪ್ಪಿಕೊಂಡಿತು. ಆ ಪಕ್ಷದ ಸೌಮ್ಯವಾದಿಗಳ ನೆಲೆಯಾದ ಝೇಹೈಮ್ ಬಳಗವು 1974ರಲ್ಲಿ ರೂಪುಗೊಂಡಿತು. ವ್ಯಾಪಾರವನ್ನು ಉಳಿಸಿಕೊಂಡೇ ದುರ್ಬಲರನ್ನು ರಕ್ಷಿಸಬೇಕೆಂಬುದು ಅದರ ನಿಲುವು.

ಗದಗ-ಬೆಟಗೇರಿಯ ವರ್ತಕರಿಗೆ ಈ ನಡುದಾರಿ ಹೊಸತಲ್ಲ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯನ್ವಯ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಣಗಿನಹಾಳದಲ್ಲಿ ಕಟ್ಟಿದ ಸಂಘವು ದೇಶದ ಸಹಕಾರ ಚಳವಳಿಗೆ ನಾಂದಿಯಾಯಿತು. ಕಾಯ್ದೆಯ ಗ್ರಾಮೀಣ ಮಾದರಿ ಜರ್ಮನಿಯ ರೈಫೈಸನ್ ಅವರದು, ಅವರು ಸಮಾಜವಾದಿಯಲ್ಲ. ಆಗ ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆ ಅಪರಿಮಿತವಾಗಿತ್ತು. ಒಬ್ಬನ ಬಾಕಿ ಎಲ್ಲರ ತಲೆಯ ಮೇಲೆ ಬರುತ್ತಿದ್ದುದರಿಂದ ನೆರೆಹೊರೆಯವರೇ ಲೆಕ್ಕಪರಿಶೋಧಕರಾದರು.

ಲಕ್ಷ್ಮೇಶ್ವರವಿರಲಿ, ಶಿರಹಟ್ಟಿ, ಮುಂಡರಗಿಗಳಿರಲಿ, ಸಹಕಾರ ಸಂಘ ಉಳಿಯುವುದು ಘೋಷಣೆಯಿಂದಲ್ಲ, ವಸೂಲಾತಿಯ ಶಿಸ್ತಿನಿಂದ.